ತಂದವನ ಚೀಟಿ

"ಅಷ್ಟು ಒತ್ತಿ ಬರೀಬೇಡಿ ಅಂಕಲ್, ಹಿಂದಿನ ಪುಟಕ್ಕೆ ಮೂಡುತ್ತೆ" ಎಂದಳು ಹುಡುಗಿ. ಅವನು ಬೆರಳು ಸಡಿಲ ಮಾಡಿದ. ಸಡಿಲ ಮಾಡಿದರೆ ಅಕ್ಷರ ವಾಲುತ್ತದೆ, ಬಿಗಿ ಹಿಡಿದರೆ ಮೂಡುತ್ತದೆ. ತಲೆ ನರೆತ ಮೇಲೆ ಮಗಳ ಓರಗೆಯವಳ ಕೈಯಲ್ಲಿ ಕಾಪಿ ತಿದ್ದಿಸಿಕೊಳ್ಳುವ ಹಣೆಬರಹ. ಅವಳ ಬಲಗೈ ಮೊಣಕೈಯಿಂದ ಬೆರಳ ಬುಡದವರೆಗೂ ಪ್ಲಾಸ್ಟರಿನೊಳಗಿತ್ತು. ಅದರ ಮೇಲೆ ಗೆಳತಿಯರು ಬಣ್ಣಬಣ್ಣದ ಪೆನ್ನಿನಲ್ಲಿ ಬೇಗ ಹುಷಾರಾಗು ಎಂದು ಬರೆದಿದ್ದರು. ಕೈ ಮುರಿದವರು ಬಾಯಲ್ಲಿ ಹೇಳಬೇಕು, ಬೇರೆ ಯಾರಾದರೂ ಬರೆಯಬೇಕು, ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಅದು ಪರೀಕ್ಷೆಯ ಕಾನೂನು. ಆ ಬೇರೆ ಯಾರಾದರೂ ಇವತ್ತು ಅವನು. ಅವರಿಬ್ಬರ ಮಾತು ಉಳಿದ ಮಕ್ಕಳ ಕಿವಿಗೆ ಬೀಳಬಾರದೆಂದು ಪ್ರಯೋಗಶಾಲೆಗೆ ಅಂಟಿಕೊಂಡ ಸಾಮಾನಿನ ಕೋಣೆಗೆ ತಳ್ಳಿದ್ದರು. ಸುತ್ತ ಕಪಾಟು, ಕಪಾಟಿನ ತುಂಬ ಸೀಸೆ, ಸೀಸೆಗಳಲ್ಲಿ ಬಿಳಿಚಿಕೊಂಡ ಕಪ್ಪೆ, ಸುರುಳಿ ಸುತ್ತಿದ ಹಾವಿನ ಮರಿ. ಮೂಗಿಗೆ ಅಡರುವ ಔಷಧದ ವಾಸನೆ. ಬಾಗಿಲಿಗೆ ಕುರ್ಚಿ ಅಡ್ಡ ಹಾಕಿಕೊಂಡು ಕಾವಲಿಗೆಂದು ಡ್ರಾಯಿಂಗ್ ಮೇಷ್ಟ್ರು ಕೂತಿದ್ದರು. ಅವರನ್ನು ದಾಟಿಯೇ ಯಾರಾದರೂ ಹೊರಗೆ ಹೋಗಬೇಕು. ಈ ಗೋಡೆಯ ಆಚೆ, ಎರಡು ಕೋಣೆ ದಾಟಿದರೆ, ಅವನ ಮಗಳು ಇದೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಕೂತಿದ್ದಾಳೆ. ಅದು ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂ ಕೂಡದು.

ಬೆಳಿಗ್ಗೆ ಗೇಟಿನ ಹತ್ತಿರ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಆಗುತ್ತಿತ್ತು. ಮಗಳನ್ನು ಒಳಗೆ ಕಳಿಸಿ, ಉಳಿದ ತಂದೆತಾಯಿಗಳ ಜೊತೆ ನೆರಳು ಹುಡುಕಿಕೊಂಡು, ಮುಗಿಯುವ ತನಕ ಕಾದಿದ್ದರೆ ಸಾಕಿತ್ತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಏದುಸಿರು ಬಿಡುತ್ತ ಹೊರಗೆ ಬಂದರು. ಕೈ ಮುರಿದ ಹುಡುಗಿಗೆ ಬರೆದುಕೊಡಬೇಕಾದವಳು ಜ್ವರ ಬಂದು ಮಲಗಿದ್ದಾಳೆ, ಅಕ್ಷರ ಚೆನ್ನಾಗಿರುವವರು, ವಿಜ್ಞಾನ ಓದದೇ ಇರುವವರು ಯಾರಾದರೂ ಇದ್ದೀರಾ ಎಂದರು. ಅವನ ಕೈ ತಾನಾಗಿ ಮೇಲೆ ಹೋಯಿತು. ಅವನು ಕೆಲಸ ಮಾಡುವ ಗೋಡೌನಿನಲ್ಲಿ ಅವನ ಅಕ್ಷರಕ್ಕೆ ಹೆಸರಿತ್ತು, ಆ ಜಂಬ ಒಂದು. ಇನ್ನೊಂದು, ಒಳಗೆ ಹೋದರೆ ಪ್ರಶ್ನೆಪತ್ರಿಕೆ ನೋಡಬಹುದು, ತಾನು ಹೇಳಿಕೊಟ್ಟದ್ದು ಬಂದಿದೆಯೋ ಇಲ್ಲವೋ ಕೂಡಲೇ ತಿಳಿಯುತ್ತದೆ. ಹೊರಗೆ ಬೇಯುತ್ತ ಕೂರುವ ಸಂಕಟ ತಪ್ಪುತ್ತದೆ. "ಜೀವಶಾಸ್ತ್ರ ಏನಾದ್ರೂ ಗೊತ್ತಾ ನಿಮಗೆ?" ಎಂದು ಆಕೆ ಕೇಳಿದರು. "ಅಯ್ಯೋ ಇಲ್ಲ ಮೇಡಂ, ನಾನು ಗೋಡೌನಲ್ಲಿ ಸಾಮಾನು ಇಳಿಸ್ಕೊಳ್ಳೋನು." "ನಿಮ್ಮ ಮಕ್ಕಳು ಯಾರಾದ್ರೂ ಇಲ್ಲಿ ಬರೀತಿದಾರಾ? ಹಾಗಿದ್ರೆ ಆಗಲ್ಲ. ಆಮೇಲೆ ಗೊತ್ತಾದ್ರೆ ಇಬ್ಬರ ಪೇಪರ್ರೂ ರದ್ದಾಗುತ್ತೆ." "ಇಲ್ಲ" ಎಂದುಬಿಟ್ಟ. ಪಕ್ಕದಲ್ಲಿ ನಿಂತಿದ್ದ ಮನುಷ್ಯ, ಸ್ವಲ್ಪ ಹೊತ್ತಿನ ಹಿಂದೆ ಅವನ ಮಗಳಿಗೆ ಧೈರ್ಯವಾಗಿ ಬರಿಯಮ್ಮ ಎಂದು ಹಾರೈಸಿದ್ದವನು, ಒಮ್ಮೆ ಕೆಮ್ಮಿ ಬೇರೆ ಕಡೆ ನೋಡಿದ. ಶಾಲೆಯ ಆಫೀಸಿನಲ್ಲಿ, ನನಗೆ ಈ ವಿಷಯದಲ್ಲಿ ಯಾವ ಜ್ಞಾನವೂ ಇರುವುದಿಲ್ಲ ಎಂಬ ಹೇಳಿಕೆಯ ಕೆಳಗೆ ಸಹಿ ಹಾಕುವಾಗ ಅವನಿಗೆ ಒಳಗೊಳಗೇ ನಗು ಬಂದಿತ್ತು. ಜ್ಞಾನ ಇಲ್ಲವಂತೆ! ವರ್ಷವಿಡೀ ಪ್ರತಿ ಸಂಜೆ ಮಗಳ ಪುಸ್ತಕ ಅರೆದು ಕುಡಿದವನು ಅವನು. ಮೈಟೋಕಾಂಡ್ರಿಯದಿಂದ ಹಿಡಿದು ರೈಬೋಸೋಮಿನವರೆಗೆ ಯಾವುದು ಎಲ್ಲಿದೆ, ಏನು ಮಾಡುತ್ತದೆ, ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

"ಅದು ಜೀವಕೋಶ ಅಂಕಲ್, ಬದನೆಕಾಯಿ ಅಲ್ಲ" ಎಂದಳು ಹುಡುಗಿ. ಚಿತ್ರ ಬರೆಯಬೇಕಾಗಿತ್ತು. ಅವಳು ಎಡಗೈ ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸುತ್ತಿದ್ದಳು, ಅವನು ಪೆನ್ಸಿಲಿನಲ್ಲಿ ಹಿಂಬಾಲಿಸುತ್ತಿದ್ದ, ಗೆರೆ ಎಲ್ಲೋ ಶುರುವಾಗಿ ಎಲ್ಲೋ ಸೇರುತ್ತಿತ್ತು. ಡ್ರಾಯಿಂಗ್ ಮೇಷ್ಟ್ರು ಕುತ್ತಿಗೆ ಉದ್ದ ಮಾಡಿ ನೋಡಿ, ತಮ್ಮ ವೃತ್ತಿಗೇ ಅವಮಾನವಾದವರಂತೆ ಕಣ್ಣು ಮುಚ್ಚಿಕೊಂಡರು. ಮಗಳು ಎಷ್ಟು ಚೆಂದ ಬರೆಯುತ್ತಾಳೆ ಇದನ್ನು ಎಂದುಕೊಂಡ. ಹೊರಪದರ, ಒಳಗೆ ಕೋಶಕೇಂದ್ರ, ಮಡಿಕೆ ಮಡಿಕೆಯ ಜಾಲ, ಅದಕ್ಕೆ ಅಂಟಿದ ಸಣ್ಣ ಚುಕ್ಕೆಗಳು. ಚುಕ್ಕೆ ಇಡುವಾಗ ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಕಚ್ಚಿಕೊಳ್ಳುತ್ತಾಳೆ, ಮೂರು ವರ್ಷದವಳಿದ್ದಾಗ ಸ್ಲೇಟು ಹಿಡಿದು ಕೂತಿದ್ದ ಹಾಗೆಯೇ. ಈಗಲೂ ಹಾಗೇ ಕಚ್ಚಿಕೊಂಡಿರಬಹುದು. ಕಳೆದ ವರ್ಷ ಎಲ್ಲದರಲ್ಲೂ ಪಾಸಾಗಿ ಇದೊಂದರಲ್ಲಿ ನಪಾಸಾಗಿದ್ದಳು, ಅದೂ ನಾಲ್ಕಾರು ಅಂಕದಲ್ಲಿ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅವನ ಅಕ್ಕ ಮಾತ್ರ ಸುಮ್ಮನಿರಲಿಲ್ಲ. ಅವಳು ಅದೇ ಗೋಡೌನಿನ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿ, ಶಿಳ್ಳೆ ಊದುತ್ತ ನಿಂತ ಕಾಲಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಹಚ್ಚಿಸುವವಳು. "ಓದು ಹತ್ತದ ಹುಡುಗೀನ ಎಷ್ಟು ದಿನ ಅಂತ ಓದಿಸ್ತೀಯೋ? ಇನ್ನೊಂದು ಸಲ ನೋಡು. ಆಗಲಿಲ್ವಾ, ನನ್ನ ಟೇಬಲ್ಲಿಗೆ ಕಳಿಸು. ಜಾಗ ಹಿಡಿದಿಟ್ಟಿರ್ತೀನಿ" ಎಂದಿದ್ದಳು. ಆಗಲಿ ಅಕ್ಕ ಎಂದು ಅವನೂ ಮಾತು ಕೊಟ್ಟಿದ್ದ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನ ಕೋರ್ಸು ಸೇರಬೇಕು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರಬೇಕು, ಅದೊಂದೇ ಆಸೆ. ಆ ಕೋರ್ಸಿಗೆ ಜೀವಶಾಸ್ತ್ರದಲ್ಲಿ ಪಾಸಾಗಿರಲೇಬೇಕು.

ಚಿತ್ರ ಮುಗಿಸಿ ಪುಟ ತಿರುಗಿಸುವಾಗ ಅವನು ಕಳ್ಳಗಣ್ಣಿನಲ್ಲಿ ಪ್ರಶ್ನೆಪತ್ರಿಕೆಯ ಕೊನೆಯ ಭಾಗ ನೋಡಿದ. ಎದೆ ಹಿಗ್ಗಿತು. ಬಂದಿದೆ! ಅವನು ಹೇಳಿ ಹೇಳಿ ತಲೆಗೆ ತುಂಬಿದ್ದೇ ಬಂದಿದೆ. ಒಂದು ಸಂದೇಶದ ಅಕ್ಷರಗಳು, ಕೆಳಗೆ ಒಂದು ಕೋಷ್ಟಕ. ಈ ಸಂದೇಶದಿಂದ ತಯಾರಾಗುವ ಪ್ರೊಟೀನಿನ ಸರಪಳಿಯನ್ನು ಬರೆಯಿರಿ, ಹೇಗೆಂದು ವಿವರಿಸಿ. ಇಡೀ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ಇದಕ್ಕೇ. ಕಳೆದ ಸಲ ಮಗಳಿಗೆ ಬೇಕಾಗಿದ್ದದ್ದು ಇಷ್ಟೂ ಇರಲಿಲ್ಲ. ಗೋಡೆಯನ್ನು ಒಮ್ಮೆ ಕುಟ್ಟಿ, ಕಂದಾ, ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂದು ಕೂಗಬೇಕೆನಿಸಿತು. "ಏನು ನಗ್ತಿದೀರಾ ಅಂಕಲ್?" ಎಂದಳು ಹುಡುಗಿ. "ಏನಿಲ್ಲಮ್ಮ, ಬದನೆಕಾಯಿ ನೆನಪಾಯ್ತು" ಎಂದ. ಅವಳೂ ನಕ್ಕಳು. ಒಳ್ಳೆಯ ಹುಡುಗಿ, ಸ್ವಲ್ಪ ಬಾಯಿ ಜೋರು ಅಷ್ಟೆ. ಪಾಪ, ಇವಳಿಗೆ ಇದು ಗೊತ್ತಿದೆಯೋ ಇಲ್ಲವೋ ಎಂದು ಮರುಕವೂ ಬಂತು. ಗೊತ್ತಿಲ್ಲದಿದ್ದರೂ ಅವನು ಹೇಳಿಕೊಡುವಂತಿಲ್ಲ, ಕಾನೂನು ಕಾನೂನೇ.

ಅವನಿಗೂ ಸುಲಭಕ್ಕೆ ತಲೆಗೆ ಹೋದ ವಿಷಯವಲ್ಲ ಅದು. ಪುಸ್ತಕ ಹಿಡಿದು ಹದಿನೈದು ದಿನ ಒದ್ದಾಡಿದ್ದ. ಆಮೇಲೊಂದು ಮಧ್ಯಾಹ್ನ, ಲಾರಿಯಿಂದ ಪೆಟ್ಟಿಗೆ ಇಳಿಸಿಕೊಳ್ಳುತ್ತ ನಿಂತಿದ್ದಾಗ, ಫಳ್ಳೆಂದು ಹೊಳೆಯಿತು. ಇದು ಗೋಡೌನೇ! ಕೋಶಕೇಂದ್ರ ಎಂದರೆ ಮಹಡಿಯ ಮೇಲಿನ ಆಫೀಸು. ಅಲ್ಲಿಂದ ಏನು ಬೇಕೆಂಬ ಸಂದೇಶ ಕೆಳಗಿಳಿದು ಬರುತ್ತದೆ, ಮೂರು ಮೂರು ಅಕ್ಷರದಲ್ಲಿ. ರೈಬೋಸೋಮು ಎಂದರೆ ಸಾಮಾನು ಇಳಿಯುವ ಕಟ್ಟೆ. ಅಲ್ಲಿಗೆ ಹಮಾಲರು ಒಬ್ಬೊಬ್ಬರೇ ಒಂದೊಂದು ಅಮೈನೋ ಆಮ್ಲ ಹೊತ್ತು ತರುತ್ತಾರೆ. ಒಂದರ ಪಕ್ಕ ಒಂದು ಜೋಡಿಸಿಕೊಂಡು ಹೋದರೆ ಉದ್ದ ಸರಪಳಿ, ಅದೇ ಪ್ರೊಟೀನು. ಪ್ರತಿ ಹಮಾಲನ ಕೈಯಲ್ಲೂ ಮೂರಕ್ಷರದ ಚೀಟಿ ಇರುತ್ತದೆ, ಸಂದೇಶದ ಅಕ್ಷರಕ್ಕೆ ಎದುರು ಜೋಡಿ ಅದು. ಸಂದೇಶದಲ್ಲಿ ಎ ಇದ್ದರೆ ಇವನಲ್ಲಿ ಯು, ಅಲ್ಲಿ ಜಿ ಇದ್ದರೆ ಇಲ್ಲಿ ಸಿ. ಇಲ್ಲಿಯವರೆಗೆ ಪುಸ್ತಕವೂ ಹಾಗೇ ಹೇಳುತ್ತಿತ್ತು. ಇನ್ನುಳಿದದ್ದು ಒಂದೇ: ಯಾವ ಮೂರಕ್ಷರಕ್ಕೆ ಯಾವ ಸಾಮಾನು ಎಂದು ಕೋಷ್ಟಕದಲ್ಲಿ ನೋಡುವಾಗ ಯಾರ ಅಕ್ಷರ ನೋಡಬೇಕು, ಸಂದೇಶದ್ದೋ, ಹೊತ್ತು ತಂದವನದ್ದೋ? ಅದನ್ನು ಅವನಿಗೆ ಪುಸ್ತಕ ಹೇಳಿಕೊಡಬೇಕೆ? ಗೋಡೌನಿನಲ್ಲಿ ಅವನನ್ನು ಎಲ್ಲರೂ ಚೀಟಿಯಪ್ಪ ಎಂದು ಕರೆಯುವುದು ಸುಮ್ಮನೆಯೇ? ಆಫೀಸಿನ ಆದೇಶ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಗಾಡಿಯಲ್ಲಿ ಏನಿದೆ ಎಂಬುದು ತಂದವನ ಚೀಟಿಯಲ್ಲಷ್ಟೇ ಇರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆದೇಶ ನಂಬಿ ಇಳಿಸಿಕೊಂಡು ಎಲ್ಲರೆದುರು ಉಗಿಸಿಕೊಂಡಿದ್ದ. ಅವತ್ತಿನಿಂದ ತಂದವನ ಚೀಟಿ ನೋಡದೆ ಒಂದು ಪೆಟ್ಟಿಗೆಯನ್ನೂ ಒಳಗೆ ಬಿಟ್ಟವನಲ್ಲ. ಅದನ್ನೇ ಮಗಳಿಗೆ ಹೇಳಿದ. "ಸಾಮಾನು ಹೊತ್ಕೊಂಡು ಬಂದೋನು ಯಾರು? ಅವನು ತಾನೇ? ಹಾಗಾದ್ರೆ ಅವನ ಚೀಟಿ ನೋಡು. ಅವನ ಅಕ್ಷರ ತಗೊಂಡು ಕೋಷ್ಟಕದಲ್ಲಿ ಹುಡುಕು." ಮಗಳು ಪೆನ್ಸಿಲು ಕಚ್ಚಿಕೊಂಡಳು. "ಅಪ್ಪ, ಮಿಸ್ಸು ಬೇರೆ ಥರ ಹೇಳಿದ್ರು ಅನ್ಸುತ್ತೆ" ಎಂದಳು.

ಮಿಸ್ಸು. ಭಾನುವಾರ ಭಾನುವಾರ ನಪಾಸಾದ ಮಕ್ಕಳನ್ನು ಮನೆಗೆ ಕರೆಸಿಕೊಂಡು ಪಾಠ ಹೇಳುತ್ತಿದ್ದ ಆ ಹೆಂಗಸನ್ನು ನೋಡಲು ಒಮ್ಮೆ ಹೋಗಿದ್ದ. ತನ್ನ ಗೋಡೌನಿನ ಉಪಮೆಯನ್ನು ಬಹಳ ಉತ್ಸಾಹದಿಂದ ಆಕೆಗೆ ವಿವರಿಸತೊಡಗಿದ್ದ. ಆಫೀಸು, ಕಟ್ಟೆ, ಹಮಾಲರು ಎನ್ನುವಷ್ಟರಲ್ಲಿ ಆಕೆ ಗಡಿಯಾರ ನೋಡಿ, "ಪಾಠ ನಾನು ನೋಡ್ಕೋತೀನಿ, ನೀವು ಅವಳನ್ನ ಹೊತ್ತಿಗೆ ಸರಿಯಾಗಿ ಕಳಿಸಿದ್ರೆ ಸಾಕು" ಎಂದರು. ಅಷ್ಟೇ. ಬೈಯಲಿಲ್ಲ, ನಗಲೂ ಇಲ್ಲ. ಅಲ್ಲಿದ್ದ ಮಕ್ಕಳು ಮಾತ್ರ ಕಿಸಕ್ಕೆಂದರು. ಮಗಳು ತಲೆ ತಗ್ಗಿಸಿದಳು. ತಲೆ ತಗ್ಗಿಸಿದ್ದು ತನಗೋಸ್ಕರವೋ, ತನ್ನಿಂದಾಗಿಯೋ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದ. ಮುಂದಿನ ಭಾನುವಾರ, ಮನೆಯಲ್ಲಿ ನಾನಿಲ್ಲವಾ, ಅಲ್ಲೇನು ಹೋಗುವುದು ಎಂದು ನಿಲ್ಲಿಸಿಬಿಟ್ಟ. ಮಗಳು ಹಾಗೆಂದಾಗ, ಪಾಠಕ್ಕೆ ಕೂತಿದ್ದ ಅಡುಗೆಮನೆಯ ಮೇಜಿನ ಮೇಲೆ ಮತ್ತೆ ಅದೇ ಮಿಸ್ಸು ಬಂದು ಕೂತ ಹಾಗಾಯಿತು. ಅವನು ಮಗಳ ಮುಖ ನೋಡುತ್ತ ನಿಧಾನವಾಗಿ ಅಡ್ಡಡ್ಡ ತಲೆಯಾಡಿಸಿದ. ಮಗಳು ಕೂಡಲೇ ರಬ್ಬರು ತೆಗೆದುಕೊಂಡು, ಬರೆದದ್ದನ್ನು ಉಜ್ಜಿ, ಪುಡಿಯನ್ನು ಅಂಗೈಯಿಂದ ಸರಿಸಿ, ಅವನು ಹೇಳಿದ ಹಾಗೆ ಬರೆದಳು. ಆಮೇಲೆ ಎಷ್ಟು ಸಲ ಪರೀಕ್ಷೆ ಮಾಡಿದರೂ ಹಾಗೇ ಬರೆದಳು. ಎಷ್ಟು ಬೇಗ ಕಲಿತಳು ಎಂದು ಅವನು ಹೆಂಡತಿಯ ಹತ್ತಿರ ಹೊಗಳಿಕೊಂಡಿದ್ದ.

"ಈಗ ಕೊನೇದು" ಎಂದಳು ಹುಡುಗಿ. ಪ್ಲಾಸ್ಟರಿನ ಅಂಚಿನಲ್ಲಿ ತುರಿಕೆಯಾಗಿ ಸ್ಕೇಲು ತೂರಿಸಿ ಕೆರೆದುಕೊಂಡಳು. "ಸಂದೇಶದ ಮೊದಲ ಮೂರಕ್ಷರ ಎ, ಯು, ಜಿ. ಬರೆದ್ರಾ? ಅದರ ಅರ್ಥ ಮೆಥಿಯೋನಿನ್. ಎರಡನೇದು ಯು, ಯು, ಯು. ಫೀನೈಲ್ ಅಲನಿನ್. ಮೂರನೇದು..." ಪೆನ್ನು ನಿಂತಿತ್ತು. "ಟೈರೋಸಿನ್ ಅಲ್ವಾ ಮೊದಲನೇದು?" ಎಂದು ಅವನ ಬಾಯಿಂದ ಬಿದ್ದುಹೋಯಿತು. ಹುಡುಗಿ ಸ್ಕೇಲು ಹಾಗೇ ಹಿಡಿದು ಅವನನ್ನು ನೋಡಿದಳು. ಬಾಗಿಲಲ್ಲಿ ಡ್ರಾಯಿಂಗ್ ಮೇಷ್ಟ್ರು ಕಣ್ಣು ಬಿಟ್ಟರು. "ನಿಮಗೆ ಹೇಗೆ ಗೊತ್ತು?" ಎಂದಳು ಹುಡುಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಅಂಗಿಯ ಕಾಲರು ಸರಿ ಮಾಡಿಕೊಂಡ. "ಇಲ್ಲಮ್ಮ, ಕೋಷ್ಟಕದಲ್ಲಿ ಕಣ್ಣಿಗೆ ಬಿತ್ತು. ಹೆಸರು ಚೆನ್ನಾಗಿತ್ತು, ಅದಕ್ಕೇ." "ಹೆಸರು ಚೆನ್ನಾಗಿದೆ ಅಂತ ಬರೆಯಕ್ಕಾಗುತ್ತಾ? ಅದು ಹೊತ್ತು ತರೋದರ ಅಕ್ಷರ ನೋಡಿದ್ರೆ ಬರುತ್ತೆ. ಎಲ್ಲಾ ಪೆದ್ದರೂ ಮಾಡೋ ತಪ್ಪು ಅದು, ನಮ್ಮ ಟೀಚರ್ ಬಡ್ಕೋತಾರೆ. ಹೊತ್ತು ತರೋದಕ್ಕೆ ಆ ಅಕ್ಷರ ಇರೋದು ತನ್ನ ಜಾಗ ಹುಡುಕ್ಕೊಳ್ಳಕ್ಕೆ ಮಾತ್ರ. ಕೋಷ್ಟಕ ಸಂದೇಶದ ಅಕ್ಷರಕ್ಕೆ. ನೋಡಿ, ಎ ಯು ಜಿ ಪಕ್ಕದಲ್ಲಿ ಆರಂಭ ಅಂತಾನೇ ಇದೆಯಲ್ಲ. ಬರೀರಿ ಅಂಕಲ್, ಮೆಥಿಯೋನಿನ್."

ಅವನು ನೋಡಿದ. ಇತ್ತು. ಸಣ್ಣಕ್ಷರದಲ್ಲಿ, ಕಂಸದೊಳಗೆ, ಆರಂಭ ಎಂದು. ಮಗಳ ಪುಸ್ತಕದ ಕೋಷ್ಟಕದಲ್ಲೂ ಇತ್ತು. ಕಣ್ಣಿನ ಮುಂದೆ ಆ ಪುಟ ಬಂದು ನಿಂತಿತು, ಮೂಲೆಯಲ್ಲಿ ಚಹಾ ಲೋಟದ ಗುರುತು ಸಮೇತ. ಸಂದೇಶ ಶುರುವಾಗುವುದೇ ಆ ಮೂರಕ್ಷರದಿಂದ, ಅದಕ್ಕೇ ಅಲ್ಲಿ ಆರಂಭ ಎಂದು ಬರೆದಿದ್ದಾರೆ. ಅವನು ಅದನ್ನು ಕೋಷ್ಟಕದ ಆರಂಭವೇನೋ ಎಂದುಕೊಂಡು ಬೆರಳು ಸರಿಸಿ ಮುಂದೆ ಹೋಗಿದ್ದ. ಇಲ್ಲ, ಈ ಹುಡುಗಿಯೇ ತಪ್ಪಿರಬಹುದು, ಬಾಯಿ ಜೋರಿದ್ದ ಮಾತ್ರಕ್ಕೆ ಬುದ್ಧಿ ಇರಬೇಕೆಂದೇನಿಲ್ಲ ಎಂದು ಒಂದು ಕ್ಷಣ ಹಟ ಮಾಡಿದ. ಹಟ ನಿಲ್ಲಲಿಲ್ಲ. ಮಿಸ್ಸು ಬೇರೆ ಥರ ಹೇಳಿದ್ರು ಅನ್ಸುತ್ತೆ. ಬೆಳಿಗ್ಗೆ ಸಹಿ ಹಾಕಿದ ಮಾತು, ಸುಳ್ಳೆಂದು ತಿಳಿದು ನಗುತ್ತ ಸಹಿ ಹಾಕಿದ ಮಾತು, ಅಕ್ಷರಶಃ ನಿಜವಾಗಿತ್ತು. ಅವನು ಮೆಥಿಯೋನಿನ್ ಎಂದು ಬರೆದ. ಫೀನೈಲ್ ಅಲನಿನ್ ಎಂದು ಬರೆದ. ಗ್ಲೈಸಿನ್ ಎಂದು ಬರೆದ. ತನ್ನದೇ ಮುತ್ತಿನಂಥ ಅಕ್ಷರದಲ್ಲಿ, ಯಾರದೋ ಮಗಳಿಗೆ, ಸರಿ ಉತ್ತರ. ಗೋಡೆಯಾಚೆ ತನ್ನ ಮಗಳು ನಾಲಿಗೆ ಕಚ್ಚಿಕೊಂಡು ಟೈರೋಸಿನ್ ಎಂದು ಬರೆಯುತ್ತಿದ್ದಾಳೆ. ಟೈರೋಸಿನ್, ಲೈಸಿನ್, ಪ್ರೋಲಿನ್: ಪ್ಯಾಕಿಂಗ್ ಟೇಬಲ್ಲು, ಟೇಪು, ಅಕ್ಕನ ಶಿಳ್ಳೆ. ತನ್ನ ಕೈಯಾರೆ ತಾನೇ.

ಅಥವಾ ಇನ್ನೂ ಬರೆದಿಲ್ಲವೋ? ಸುಲಭದ್ದು ಮೊದಲು ಮಾಡು, ದೊಡ್ಡದು ಕೊನೆಗಿರಲಿ ಎಂದು ಅವನೇ ಹೇಳಿದ್ದ. ಅವಳು ನಿಧಾನಸ್ಥೆ. ಇನ್ನೂ ಹೊತ್ತಿದೆ. ಈ ಯೋಚನೆ ಬಂದದ್ದೇ ಕುರ್ಚಿ ಕಾದ ಕಾವಲಿಯಾಯಿತು. ಕೋಣೆ ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಕಪಾಟುಗಳು ಒಂದೊಂದು ಹೆಜ್ಜೆ ಮುಂದೆ ಬಂದ ಹಾಗೆ, ಸೀಸೆಯ ಕಪ್ಪೆ ಗಾಜಿಗೆ ಅಂಗೈ ಒತ್ತಿ ತನ್ನನ್ನೇ ನೋಡುತ್ತಿರುವ ಹಾಗೆ. ಹೇಳುವಂತಿಲ್ಲ, ಹೇಳಿದರೆ ಮಗಳ ಪೇಪರು ರದ್ದು, ಈ ಹುಡುಗಿಯದೂ ರದ್ದು. ಸುಮ್ಮನಿರುವಂತೆಯೂ ಇಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು. ಅವನು ಎದ್ದ. "ಸರ್, ಒಂದು ಸಲ ಹೊರಗೆ ಹೋಗಿ ಬರಬೇಕು." ಮೇಷ್ಟ್ರು ಅವನ ಮುಖ ನೋಡಿದರು. "ಬರೆಯೋರು ಏಳೋ ಹಾಗಿಲ್ಲ ಕಣ್ರೀ." "ಅರ್ಜೆಂಟು ಸರ್." "ಅಂಕಲ್!" ಎಂದಳು ಹುಡುಗಿ, "ನನ್ನ ಟೈಮ್ ಹೋಗುತ್ತೆ! ವಿವರಣೆ ಇನ್ನೂ ಅರ್ಧ ಇದೆ!" "ಈಗ ಬಂದೆ ಮಗಳೇ." ಮಗಳೇ ಎಂದದ್ದು ಕೇಳಿ ಅವನಿಗೇ ಮೈ ಜುಮ್ಮೆಂದಿತು. ಅವಳು ಮುರಿಯದ ಕೈಯಲ್ಲಿ ಪೆನ್ನು ಎತ್ತಿಕೊಂಡು, ತಾನೇ ಬರೆಯಲು ನೋಡಿ, ಒಂದು ಅಕ್ಷರ ಗೀಚಿ, ಪೆನ್ನು ಬಿಸಾಕಿದಳು. ಅದನ್ನು ನೋಡಿಯೂ ಅವನು ಹೊರಟ.

ಜೊತೆಗೆ ನೀರು ಕೊಡುವ ಹೆಂಗಸನ್ನು ಕಳಿಸಿದರು, ಕಾವಲಿಗೆ. ಅವಳ ಚಪ್ಪಲಿ ಅವನ ಹಿಂದೆಯೇ ಪಟಪಟ ಎನ್ನುತ್ತ ಬರುತ್ತಿತ್ತು. ಉದ್ದ ಪಡಸಾಲೆ, ಒಂದು ಬದಿಗೆ ಆಳೆತ್ತರದ ಕಿಟಕಿಗಳು, ಒಳಗೆ ಸಾಲು ಸಾಲು ಬಗ್ಗಿದ ತಲೆಗಳು. ಎಲ್ಲ ತಲೆಗಳೂ ಒಂದೇ ಥರ ಕಂಡವು. ತನ್ನ ಮಗಳ ತಲೆ ತನಗೇ ಗುರುತು ಸಿಗದೇ ಹೋದರೆ ಎಂದು ಭಯವಾಯಿತು. ಸಿಕ್ಕಿತು. ಕಿಟಕಿಯಿಂದ ಎರಡನೇ ಸಾಲು, ತಾಯಿ ಬೆಳಿಗ್ಗೆ ಬಿಗಿದು ಕಟ್ಟಿದ್ದ ಜಡೆ. ಬರೆಯುತ್ತಿದ್ದಳು. ಅವನು ಚಪ್ಪಲಿಯ ಬಾರು ಸರಿ ಮಾಡಿಕೊಳ್ಳುವವನ ಹಾಗೆ ನಿಂತ. ಕೂಗುವಂತಿಲ್ಲ, ಕೈ ತೋರಿಸುವಂತಿಲ್ಲ. ತಂದವನ ಚೀಟಿ ಬೇಡ, ಸಂದೇಶ ನೋಡು ಎಂಬುದನ್ನು ಬಾಯಿಲ್ಲದೆ ಹೇಳುವುದು ಹೇಗೆ? ಅಷ್ಟರಲ್ಲಿ ಮಗಳು ತಲೆ ಎತ್ತಿದಳು. ನೋಡಿದಳು. ಅಪ್ಪ ಇಲ್ಲಿ ಹೇಗೆ ಎಂಬ ಆಶ್ಚರ್ಯ ಮೊದಲು, ಆಮೇಲೆ ಏನೋ ಸಣ್ಣ ಹೆದರಿಕೆ. ಅವನಿಗೆ ಗೊತ್ತಿದ್ದದ್ದು ಒಂದೇ. ತಲೆಯಾಡಿಸಿದ. ಅಡ್ಡಡ್ಡ, ನಿಧಾನವಾಗಿ, ಮತ್ತೊಮ್ಮೆ, ಮಗದೊಮ್ಮೆ. ಬೇಡ ಕಂದಾ, ನಾನು ಹೇಳಿದ್ದು ಬೇಡ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅರ್ಥವಾಯಿತೆಂಬಂತೆ ಕತ್ತು ಬಗ್ಗಿಸಿ, ಸ್ಕೇಲು ತೆಗೆದು, ಪುಟದ ಮೇಲೆ ಅಡ್ಡ ಇಟ್ಟು, ಬರೆದಿದ್ದರ ಮೇಲೆ ಸಾಲು ಸಾಲಾಗಿ ಗೆರೆ ಎಳೆಯತೊಡಗಿದಳು. "ನಡೀರಿ, ಇಲ್ಲಿ ನಿಲ್ಲಬಾರದು" ಎಂದಳು ನೀರಿನ ಹೆಂಗಸು.

ಅವನು ಹಾರುತ್ತ ಬಂದ ಎನ್ನಬೇಕು. ಕಣ್ಣಲ್ಲಿ ನೀರು ತುಂಬಿತ್ತು. ಒಂದು ಮಾತಿಲ್ಲದೆ ತಿಳಿದುಕೊಂಡಳಲ್ಲ, ರಕ್ತಸಂಬಂಧ ಎಂದರೆ ಇದು, ಇದಕ್ಕೆ ಯಾವ ಮಿಸ್ಸು ಬೇಕು, ಯಾವ ಕೋಷ್ಟಕ ಬೇಕು! ಪ್ಲಾಸ್ಟರ್ ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು. ಅವಳು ಹೇಳಿದ್ದನ್ನೆಲ್ಲ ಬಾಣದ ವೇಗದಲ್ಲಿ ಬರೆದ, ಎಲ್ಲೆಲ್ಲಿ ಹೇಳಿದಳೋ ಅಲ್ಲೆಲ್ಲ ಅಡಿಗೆರೆ ಹಾಕಿದ. ಆದರೂ ಗಂಟೆ ಹೊಡೆದಾಗ ಅವಳ ಕೊನೆಯ ವಾಕ್ಯ ನಡುವೆಯೇ ನಿಂತಿತ್ತು. ಮೇಷ್ಟ್ರು ಪೇಪರು ಎಳೆದುಕೊಂಡರು. "ಥ್ಯಾಂಕ್ಸ್ ಅಂಕಲ್" ಎಂದಳು ಅವನ ಮುಖ ನೋಡದೆ. ಪಾಪ ಎನಿಸಿತು. ಅರ್ಧ ಅಂಕ ಹೋಗಬಹುದು, ಇವಳಿಗೆ ಅದೇನು ಮಹಾ, ಜಾಣೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇನ್ನೊಬ್ಬರ ಮಕ್ಕಳ ನಷ್ಟವನ್ನು ಲೆಕ್ಕಕ್ಕಿಲ್ಲದಂತೆ ಮಾಡುವುದು ಎಷ್ಟು ಸಲೀಸು ಎಂದು ಅವನಿಗೂ ಹೊಳೆಯಿತು, ಆದರೆ ಸಂತೋಷದ ಭರದಲ್ಲಿ ಆ ಮಾತು ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೇಟಿನಲ್ಲಿ ಮಗಳನ್ನು ಗುರುತಿಲ್ಲದವನ ಹಾಗೆ ದಾಟಿ ಹೋಗಿ, ತಿರುವಿನಾಚೆ, ಬಸ್ಸು ನಿಲ್ಲುವಲ್ಲಿ ಕಾದ.

ಮಗಳು ಓಡಿಕೊಂಡೇ ಬಂದಳು. ಕೆನ್ನೆ ಕೆಂಪಾಗಿತ್ತು. ಇಷ್ಟು ಹಗುರವಾಗಿ ಅವಳನ್ನು ಅವನು ಒಂದು ವರ್ಷದಿಂದ ನೋಡಿರಲಿಲ್ಲ. "ಅಪ್ಪ, ನೀವು ಒಳಗೆ ಹೇಗೆ ಬಂದ್ರಿ? ನಾನು ಹೆದರ್ಕೊಂಡೇ ಬಿಟ್ಟೆ!" "ಅದೆಲ್ಲ ಆಮೇಲೆ. ಕೊನೇದು ಬರೆದ್ಯಾ?" "ಬರೆದೆ, ಪೂರ್ತಿ ಬರೆದೆ." "ನಾನು ಹೇಳಿದ್ದು ಗೊತ್ತಾಯ್ತಾ ನಿಂಗೆ, ಕಿಟಕಿಯಿಂದ?" "ಗೊತ್ತಾಗದೇ ಇರುತ್ತಾ?" ಎಂದು ನಕ್ಕಳು. ಆಮೇಲೆ ನಗು ಸ್ವಲ್ಪ ತಗ್ಗಿಸಿ, ಬ್ಯಾಗಿನ ಪಟ್ಟಿ ತಿರುಚುತ್ತ, "ಬೈಬೇಡಿ ಅಪ್ಪ. ಮೊದಲು ನಾನು ಮಿಸ್ಸು ಹೇಳಿದ್ದ ಥರಾನೇ ಬರೆದಿದ್ದೆ. ಮೆಥಿಯೋನಿನ್ ಅಂತ ಶುರು ಮಾಡಿ, ಇಡೀ ಉತ್ತರ. ಅಲ್ಲೇ ಪಕ್ಕದಲ್ಲಿ ಆರಂಭ ಅಂತ ಬೇರೆ ಇತ್ತು, ಇದೇ ಇರಬೇಕು ಅನ್ನಿಸ್ತು. ಒಳಗೊಳಗೇ ಪುಕುಪುಕು, ಅಪ್ಪಂಗೆ ಗೊತ್ತಾದ್ರೆ ಏನಂತಾರೆ ಅಂತ. ತಲೆ ಎತ್ತಿದ್ರೆ ನೀವೇ ನಿಂತಿದೀರಿ! ತಲೆ ಆಡಿಸ್ತಾ. ಎಲ್ಲಾ ಹೊಡೆದುಹಾಕಿ ನೀವು ಹೇಳಿಕೊಟ್ಟ ಹಾಗೇ ಬರೆದೆ, ತಂದವನ ಚೀಟಿ ನೋಡ್ಕೊಂಡು. ನೀವು ಬರದೇ ಇದ್ದಿದ್ರೆ ಮುಗೀತಿತ್ತು ನನ್ನ ಕಥೆ."

ಬಸ್ಸೊಂದು ಬಂದು ನಿಂತು, ಯಾರೂ ಹತ್ತದಿರುವುದನ್ನು ನೋಡಿ ಹೋಯಿತು. ಅದು ಅವರದೇ ಬಸ್ಸು. ಮಗಳು ಇನ್ನೂ ಏನೋ ಹೇಳುತ್ತಿದ್ದಳು, ಚಿತ್ರ ಎಷ್ಟು ಚೆನ್ನಾಗಿ ಬಂತು, ಚುಕ್ಕೆಗಳನ್ನು ಎಷ್ಟು ಒತ್ತೊತ್ತಾಗಿ ಇಟ್ಟೆ ಎಂದು. ಹೇಳದಿದ್ದರೆ ಏನು? ಫಲಿತಾಂಶ ಬರುವವರೆಗೆ ಹೀಗೇ ನಗುತ್ತಿರುತ್ತಾಳೆ. ಆಮೇಲೆ ಪ್ರಶ್ನೆಪತ್ರಿಕೆಯೇ ಕಷ್ಟವಿತ್ತು ಎನ್ನಬಹುದು, ನೋಡಿದವರು ಸರಿಯಾಗಿ ನೋಡಲಿಲ್ಲ ಎನ್ನಬಹುದು. ಅವಳು ನಂಬುತ್ತಾಳೆ. ಅವನು ಹೇಳಿದ್ದನ್ನು ಅವಳು ಯಾವತ್ತು ನಂಬಿಲ್ಲ? ಆ ನಂಬಿಕೆಯೇ ಈಗ ಕುತ್ತಿಗೆಗೆ ಬಿದ್ದ ಹಗ್ಗದ ಹಾಗೆ ಬಿಗಿಯಿತು. "ನೀನು ಮೊದಲು ಬರೆದಿದ್ದೇ ಸರಿ ಇತ್ತು" ಎಂದ. ದನಿ ತನ್ನದಲ್ಲವೆನಿಸಿತು. "ನಾನು ಹೇಳಿಕೊಟ್ಟಿದ್ದು ತಪ್ಪು. ವರ್ಷಪೂರ್ತಿ ತಪ್ಪೇ ಹೇಳಿಕೊಟ್ಟೆ."

ಮಗಳು ನಗಲು ಹೋದಳು, ತಮಾಷೆಯಿರಬೇಕೆಂದು. ಅವನ ಮುಖ ನೋಡಿ ನಿಲ್ಲಿಸಿದಳು. ಕೆನ್ನೆಯ ಕೆಂಪು ನಿಧಾನವಾಗಿ ಇಳಿಯಿತು. "ಮತ್ತೆ ಬೇಡ ಅಂತ ಯಾಕೆ ತಲೆ ಆಡಿಸಿದ್ರಿ?"

"ನಂದು ಬೇಡ ಅಂತ. ನಾನು ಹೇಳಿದ್ದು ಬರೀಬೇಡ ಅಂತ ಹೇಳಕ್ಕೆ ಬಂದಿದ್ದೆ."

ಅಳುತ್ತಾಳೇನೋ ಎಂದುಕೊಂಡ, ಬೈದರೆ ಬೈಯಲಿ ಎಂದುಕೊಂಡ, ಎರಡಕ್ಕೂ ಸಿದ್ಧವಾಗಿ ನಿಂತ. ಅವಳು ಎರಡೂ ಮಾಡಲಿಲ್ಲ.

"ನಿಮ್ಮದು ಬೇಡ ಅಂತ ನೀವು ಯಾವತ್ತು ತಲೆ ಆಡಿಸಿದೀರಿ ಅಪ್ಪ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಒಂದಾದರೂ ಇರಬೇಕು ಎಂದು ಅವನು ನೆನಪು ಮಾಡಿಕೊಳ್ಳಲು ನೋಡಿದ. ಇರಲಿಲ್ಲ.